ರಿಜಿಸ್ಟರಿನಲ್ಲಿ ಇಲ್ಲದ ಮಳೆಗಾಲ

ತಾ. 9-3-1931, ಸೋಮವಾರ

ಮ್ಯಾಂಗನೀಸಿನ ಬೆಲೆ ಬಿದ್ದಾಗಿನಿಂದ ನಿದ್ದೆ ಸರಿಯಾಗಿ ಹತ್ತುತ್ತಿಲ್ಲ. ಬರೆದರೆ ಮನಸ್ಸು ಹಗುರವಾದೀತೆಂದು ದಿನದ ಲೆಕ್ಕದ ಹಳೆಯ ರೋಜು ಪುಸ್ತಕವೊಂದರಲ್ಲಿ ಉಳಿದಿದ್ದ ಹಾಳೆಗಳನ್ನು ಆಫೀಸಿನಿಂದ ತಂದಿದ್ದೇನೆ. ಬೆಳಗಿನ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಬಿಡುವಿರುತ್ತದೆ. ಯಾರಿಗೂ ತೋರಿಸುವುದಲ್ಲವಾದ್ದರಿಂದ ಚಿತ್ತು ಬಿದ್ದರೂ ಚಿಂತೆಯಿಲ್ಲ, ಆದರೆ ನನಗೆ ಚಿತ್ತು ಬೀಳುವುದಿಲ್ಲ.

ಹದಿನೇಳು ವರ್ಷದಿಂದ ಹೊಸಪೇಟೆ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಅದಿರು ತೆಗೆಯುವುದು ಯಶವಂತನಗರದ ಗುಡ್ಡದಲ್ಲಿ, ಅದು ರೂಪಾಯಿಯಾಗುವುದು ನನ್ನ ಮೇಜಿನ ಮೇಲೆ. ಪಕ್ಕದ ಮೇಜಿನ ಗುಮಾಸ್ತ ಸೆಕೆಗೆ ಮಸಿ ಗಟ್ಟಿಯಾಯಿತೆಂದು ನೀರು ಬೆರೆಸುತ್ತಾನೆ. ಅವನ ಅಕ್ಷರಗಳಿಗೆಲ್ಲ ಕಾಮಾಲೆ ಹಿಡಿದಿದೆ. ಅವನ ಪುಟ ನೋಡಿದರೆ ನನಗೆ ಮೈ ಉರಿಯುತ್ತದೆ.

ನಿನ್ನೆ ಮೇಸ್ತ್ರಿ ಉಚ್ಚೆಂಗಪ್ಪ ಮನೆಗೆ ಬಂದಿದ್ದ. ಚೋರನೂರಿನವನು. ಒಂದು ಸಲ ಗುಡ್ಡದ ಮೇಲೆ ನನಗೆ ಚಳಿಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಇಳಿಸಿದವನು. ನನ್ನ ಹೆಂಡತಿ ಸಂಗಮ್ಮ ಅವನಿಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ತಿನ್ನುವಾಗಲೂ ಕೆಮ್ಮುತ್ತಿದ್ದ.

"ಅಯ್ಯಾರ, ಈಗ ನಾ ಕೆಲಸ ಬಿಟ್ರ ನನಗ ಎಷ್ಟು ಬರ್ತೈತ್ರಿ?"

"ಯಾಕಪಾ, ಬಿಡ್ತಿಯೇನು?"

"ಗುಡ್ಡ ಹತ್ತಾಕ ಆಗವಲ್ದ್ರಿ, ಎದಿ ಹಿಡ್ಕೊಂತೈತಿ. ಕಂಪ್ಲಿಯಾಗ ಒಂದು ಬಂಡಿ, ಒಂದು ಜೋಡು ಎತ್ತು ನೋಡೀನಿ. ನೂರಾ ಮೂವತ್ತು ಅಂತಾರ. ಟೇಸನ್ನಿಂದ ಬಾಡಿಗಿ ಹೊಡ್ಕೊಂಡು ಇರ್ತೀನಿ."

ಅವನು ಕೇಳಿದ್ದು ಇನಾಮಿನ ಮಾತು. ಯುದ್ಧ ಮುಗಿದ ವರ್ಷ ಅದಿರಿಗೆ ಬಂಗಾರದ ಬೆಲೆ ಬಂದಿತ್ತು. ಆಳುಗಳು ಬೇರೆ ಕಡೆ ಹೋಗದಿರಲೆಂದು ಕಂಪನಿ ಆಗ ಒಂದು ಹಲಗೆ ಬರೆಸಿ ಹಾಕಿತು. ಹತ್ತು ವರ್ಷ ಎಡೆಬಿಡದೆ ದುಡಿದವನಿಗೆ ಬಿಡುವಾಗ ವರ್ಷಕ್ಕೆ ಹದಿನೈದು ದಿನದ ಕೂಲಿ ಇನಾಮು ಎಂದು. ಪ್ರತಿ ಮಾರ್ಚಿನಲ್ಲಿ ಆ ಬಾಬ್ತು ಕೊಡಬೇಕಾಗಿ ಬರುವುದೆಷ್ಟೆಂದು ಲೆಕ್ಕ ಹಾಕಿ, ಆ ವರ್ಷದ ಖರ್ಚಿಗೆ ಬರೆದು, 'ಆಳುಗಳ ಇನಾಮು ನಿಧಿ' ಎಂಬ ಪುಟಕ್ಕೆ ಏರಿಸುವವನು ನಾನು. ನಿಧಿ ಎಂದರೆ ಪೆಟ್ಟಿಗೆಯಲ್ಲಿ ಹಣವೇನೂ ಇಲ್ಲ. ಆಡಿದ ಮಾತನ್ನು ಕಂಪನಿ ಮರೆಯದಿರಲೆಂದು ಬರೆದಿಟ್ಟ ಪುಟ ಅದು, ಅಷ್ಟೇ.

ದಿನಕ್ಕೆ ಹನ್ನೆರಡಾಣೆ, ಹದಿನೈದು ದಿನಕ್ಕೆ ಹನ್ನೊಂದೂ ಕಾಲು ರೂಪಾಯಿ, ಹನ್ನೆರಡು ವರ್ಷ. ಬಾಯಲ್ಲೇ ಲೆಕ್ಕ ಮಾಡಿ ನೂರ ಮೂವತ್ತೈದು ಎಂದು ಹೇಳಿದೆ.

"ನೀವ ಹೇಳಿದ ಮ್ಯಾಲೆ ಆತ್ರಿ. ನಾಳೆ ಹೋಗಿ ಮುಂಗಡ ಕೊಟ್ಟು ಬರ್ತೀನಿ" ಎಂದ.

ಲೆಕ್ಕ ಬಲ್ಲವನಾದುದಕ್ಕೆ ನಿನ್ನೆ ನಿಜವಾಗಿ ಸಂತೋಷಪಟ್ಟೆ.

ತಾ. 31-3-1931, ಮಂಗಳವಾರ

ವರ್ಷದ ಲೆಕ್ಕ ಮುಗಿಯಿತು. ಮೊದಲ ಕೂಡುವಿಕೆಯಲ್ಲೇ ಎರಡು ಬದಿಯೂ ಕಾಸಿಗೆ ಕಾಸು ಸರಿ ಬಂದವು. ನಷ್ಟ ರೂ. 4,108. ಇನಾಮು ನಿಧಿ ಎಂಬತ್ತಾರು ಆಳುಗಳ ಬಾಬ್ತು ರೂ. 6,210. ಇಂಥ ವರ್ಷದಲ್ಲೂ ಒಂದು ಚಿತ್ತಿಲ್ಲ. ಮ್ಯಾನೇಜರ್ ದೊರೆ ಪುಟ ತಿರುವಿ ನೋಡಿ, ಕೆಟ್ಟ ಸುದ್ದಿಯನ್ನು ಇಷ್ಟು ಅಂದವಾಗಿ ಬರೆಯುವವನು ನೀನೊಬ್ಬನೇ ಎಂದರು. ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ, ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಉಚ್ಚೆಂಗಪ್ಪ ಹೆಂಡತಿಯ ಬೆಳ್ಳಿ ಕಡಗ ಮಾರಿ ಇಪ್ಪತ್ತೈದು ರೂಪಾಯಿ ಮುಂಗಡ ಕೊಟ್ಟನಂತೆ. ಒಂದು ಎತ್ತಿಗೆ ಹಣೆಯಲ್ಲಿ ಬಿಳಿ ಚುಕ್ಕೆ ಇದೆಯೆಂದು ಲಾರಿಯವನ ಕೈಲಿ ಹೇಳಿ ಕಳಿಸಿದ್ದ. ಎತ್ತಿನ ಹಣೆ ನನಗ್ಯಾಕೆ ಎಂದು ನಕ್ಕೆ. ಸಂಗಮ್ಮನೂ ನಕ್ಕಳು.

ತಾ. 16-4-1931, ಗುರುವಾರ

ಮದರಾಸಿನಿಂದ ಆಡಿಟರು ವರದಾಚಾರ್ಯರು ಬಂದಿದ್ದಾರೆ. ಪ್ರತಿ ವರ್ಷ ಎರಡು ದಿನ ಇದ್ದು, ಸಹಿ ಹಾಕಿ, ಹಂಪಿ ನೋಡಿಕೊಂಡು ಹೋಗುತ್ತಿದ್ದವರು. ಈ ಸಲ ಹಂಪಿಯ ಮಾತಿಲ್ಲ. ಎಲ್ಲ ಬೀರುಗಳ ಬೀಗದ ಕೈ ಇಸಿದುಕೊಂಡಿದ್ದಾರೆ.

ತಾ. 18-4-1931, ಶನಿವಾರ

ಆಗಬಾರದ್ದು ಆಯಿತು.

ತಾ. 19-4-1931, ಭಾನುವಾರ

ನಿನ್ನೆ ಬರೆಯಲು ಕೈ ಬರಲಿಲ್ಲ. ಇವತ್ತು ಕ್ರಮವಾಗಿ ಬರೆಯುತ್ತೇನೆ.

ಇನಾಮು ನಿಧಿಯ ಪುಟ ಇರುವುದು ಒಂದು ಬೀರುವಿನಲ್ಲಿ. ಆಳುಗಳ ರಿಜಿಸ್ಟರು ಇರುವುದು ಇನ್ನೊಂದರಲ್ಲಿ. ಹನ್ನೊಂದು ವರ್ಷದಲ್ಲಿ ಎರಡನ್ನೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ತೆರೆದವರು ಯಾರೂ ಇಲ್ಲ. ನಿನ್ನೆ ವರದಾಚಾರ್ಯರು ತೆರೆದರು. ರಿಜಿಸ್ಟರಿನ ಹದಿನೇಳನೇ ನಂಬರಾದ ಉಚ್ಚೆಂಗಪ್ಪನ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ಕರೆದರು.

"ಈತ 1930ರ ಜೂನ್ ಹದಿನೈದಕ್ಕೆ ಕೆಲಸ ಬಿಟ್ಟ ಎಂದಿದೆ. ಅಕ್ಟೋಬರ್ ಹತ್ತಕ್ಕೆ ಹೊಸದಾಗಿ ಸೇರಿದ ಎಂದಿದೆ. ಅದಕ್ಕೆ ಹಿಂದಿನ ವರ್ಷವೂ ಹಾಗೆಯೇ. ಅದಕ್ಕೂ ಹಿಂದೆ ಹಾಗೆಯೇ. ಈ ಎಂಬತ್ತಾರು ಜನರಲ್ಲಿ ಎಡೆಬಿಡದೆ ಒಂದು ವರ್ಷ ದುಡಿದವನಾದರೂ ಒಬ್ಬನಿದ್ದಾನೆಯೇ?"

ರಿಜಿಸ್ಟರಿನ ಪ್ರಕಾರ ಒಬ್ಬನೂ ಇರಲಿಲ್ಲ.

ಮಳೆಗಾಲಕ್ಕೆ ಗುಂಡಿಗಳಲ್ಲಿ ನೀರು ತುಂಬುತ್ತದೆ. ಕಂಪನಿಯೇ ಕೆಲಸ ನಿಲ್ಲಿಸುತ್ತದೆ. ಆಳುಗಳು ಊರಿಗೆ ಹೋಗಿ ಬಿತ್ತನೆ ಮಾಡಿಕೊಂಡು, ನೀರು ಇಳಿದ ಮೇಲೆ ಬರುತ್ತಾರೆ. ಗುಡ್ಡ ಶುರುವಾದಾಗಿನಿಂದ ಹೀಗೆಯೇ. ನನಗಿಂತ ಮುಂಚೆ ಇದ್ದ ಗುಮಾಸ್ತರು ಆ ತಿಂಗಳುಗಳಲ್ಲಿ ಹೆಸರಿನ ಮುಂದೆ ಬರೀ ಚುಕ್ಕೆ ಇಡುತ್ತಿದ್ದರು. 1920ರಲ್ಲಿ ರಿಜಿಸ್ಟರು ನನ್ನ ಕೈಗೆ ಬಂತು. ಇರುವೆ ಸಾಲಿನಂಥ ಆ ಚುಕ್ಕೆಗಳನ್ನು ಕಂಡರೆ ನನಗಾಗಲಿಲ್ಲ. ಮದರಾಸಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಇದ್ದದ್ದು ಎರಡೇ ಕಾಲಂ: ಸೇರಿದ ತಾರೀಖು, ಬಿಟ್ಟ ತಾರೀಖು. ಮಳೆಗಾಲಕ್ಕೆ ಕಾಲಂ ಇರಲಿಲ್ಲ. ಆದ್ದರಿಂದ ಜೂನಿನಲ್ಲಿ 'ಬಿಟ್ಟ' ಎಂದು ಬರೆದೆ, ಅಕ್ಟೋಬರಿನಲ್ಲಿ 'ಸೇರಿದ' ಎಂದು ಬರೆದೆ. ಯಾರೂ ಹೇಳಿರಲಿಲ್ಲ. ಪುಟ ಎಷ್ಟು ಚೊಕ್ಕಟವಾಯಿತೆಂದರೆ ಆ ವರ್ಷ ಎರಡು ರೂಪಾಯಿ ಬಡ್ತಿ ಸಿಕ್ಕಿತು.

ಇನಾಮಿನ ಲೆಕ್ಕವನ್ನು ಮಾತ್ರ ಆಳುಗಳು ಮೊಟ್ಟಮೊದಲು ಬಂದ ವರ್ಷದಿಂದಲೇ ಹಾಕುತ್ತಿದ್ದೆ. ಅವರು ಎಲ್ಲೂ ಹೋಗಿಲ್ಲವೆಂದು ನನಗೆ ಗೊತ್ತಿತ್ತಲ್ಲ. ನನಗೆ ಗೊತ್ತಿದ್ದದ್ದೇ ಬೇರೆ, ನಾನು ಬರೆದದ್ದೇ ಬೇರೆ.

ವರದಾಚಾರ್ಯರು ಹೇಳಿದ್ದು ಇಷ್ಟು. ಹತ್ತು ವರ್ಷ ಎಡೆಬಿಡದೆ ದುಡಿದವರೇ ಇಲ್ಲವೆಂದ ಮೇಲೆ ಕಂಪನಿ ಕೊಡಬೇಕಾದ್ದೇನೂ ಇಲ್ಲ. ಕೊಡಬೇಕಾದ್ದು ಇಲ್ಲವೆಂದರೆ ನಿಧಿಯ ಪುಟ ಇರಬೇಕಾಗಿಲ್ಲ. ಆ 6,210ನ್ನು ಈ ವರ್ಷದ ಆದಾಯಕ್ಕೆ ತಿರುಗಿಸಿ ಬರೆದರೆ 4,108ರ ನಷ್ಟ ಹೋಗಿ 2,102 ಲಾಭವಾಗುತ್ತದೆ. ಮದರಾಸಿನ ಪಾಲುದಾರರಿಗೆ ಹಂಚಲೂ ಬರುತ್ತದೆ.

ಒಂದು ಕಾಸು ಎಲ್ಲಿಂದಲೂ ಎಲ್ಲಿಗೂ ಹೋಗಲಿಲ್ಲ. ಎಂಬತ್ತಾರು ಜನರ ಬದುಕು ಈ ಪುಟದಿಂದ ಆ ಪುಟಕ್ಕೆ ಹೋಯಿತು.

ಸಂಗಮ್ಮನಿಗೆ ಎಲ್ಲ ಹೇಳಿದೆ. ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಅವರು ಹೋಗುವಾಗ ಹಾರಿ, ಸಲಿಕಿ ಎಲ್ಲಿ ಇಡ್ತಿದ್ರು?"

"ಕಂಪನಿ ಶೆಡ್ಡಿನಾಗ. ಗುರುತು ಹಾಕಿ ಇಟ್ಟು ಹೋಗ್ತಾರ."

"ಕೆಲಸ ಬಿಟ್ಟೋರು ಹಾರಿ ಬಿಟ್ಟು ಹೋಗ್ತಾರೇನ್ರಿ? ಅಷ್ಟ ಹೇಳ್ರಿ ಅವರಿಗೆ. ನಾ ತಪ್ಪು ಬರದೀನಿ ಅಂತ ಹೇಳ್ರಿ."

ನಾಳೆ ಹೇಳುತ್ತೇನೆ. ಖಂಡಿತ ಹೇಳುತ್ತೇನೆ.

ತಾ. 20-4-1931, ಸೋಮವಾರ

ಹೇಳಿದೆ. ಹಾರೆಯ ಮಾತನ್ನೂ ಹೇಳಿದೆ. ವರದಾಚಾರ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ಮೆತ್ತಗೆ ಮಾತಾಡುವ ಮನುಷ್ಯ.

"ಹನ್ನೊಂದು ವರ್ಷ ಸುಳ್ಳು ಬರೆದೆ ಎನ್ನುತ್ತೀರಾ?"

"ಸುಳ್ಳಲ್ಲ ಸ್ವಾಮಿ, ಕಾಲಂ ಇರಲಿಲ್ಲ."

"ಹಾಗಾದರೆ ನಿಜ. ಎರಡರಲ್ಲಿ ಒಂದನ್ನು ಹೇಳಿ. ಸುಳ್ಳಾದರೆ ನಾನು ಸಹಿ ಹಾಕಿದ ಹನ್ನೊಂದು ವರ್ಷದ ಲೆಕ್ಕವೂ ಸುಳ್ಳು, ನಿಮ್ಮ ಮೇಲೆ ಕಂಪನಿ ಏನು ಬೇಕಾದರೂ ಮಾಡಬಹುದು. ನಿಜವಾದರೆ ಯಾರಿಗೂ ತೊಂದರೆಯಿಲ್ಲ."

ಯೋಚಿಸಿ ಹೇಳುತ್ತೇನೆಂದು ಬಂದೆ. ಸಂಗಮ್ಮ ಕೇಳಿದ್ದಕ್ಕೆ, ಮಾತು ನಡೆದಿದೆ ಎಂದೆ.

ತಾ. 2-5-1931, ಶನಿವಾರ

ದೊರೆ ಒಳಗೆ ಕರೆದರು. ಈ ತಿಂಗಳ ಮೂವತ್ತಕ್ಕೆ ಗುಡ್ಡ ಮುಚ್ಚುತ್ತದೆ. ಆಫೀಸಿನವರ ಇನಾಮು ಬೇರೆ ಪುಟದಲ್ಲಿದೆ, ಅದಕ್ಕೇನೂ ಅಡ್ಡಿಯಿಲ್ಲವಂತೆ. ನಮ್ಮ ಹೆಸರಿನ ಮುಂದೆ ಎಲ್ಲೂ 'ಬಿಟ್ಟ' ಎಂದಿಲ್ಲ. ಆಫೀಸಿನವರಿಗೆ ಮಳೆಗಾಲವಿಲ್ಲ. ಹದಿನೇಳು ವರ್ಷಕ್ಕೆ ನನಗೆ ಬರುವುದು ರೂ. 382-8-0. ಮದರಾಸಿನ ಆಫೀಸಿನಲ್ಲಿ ಒಂದು ಜಾಗ ಖಾಲಿಯಿದೆಯೆಂದೂ, ವರದಾಚಾರ್ಯರು ನನ್ನ ಅಕ್ಷರವನ್ನು ಹೊಗಳಿದರೆಂದೂ ಹೇಳಿದರು.

ಪುಟ ತಿರುಗಿಸಿ ಬರೆಯುವ ಕೆಲಸ ನನಗೇ ಬಂತು. ನನ್ನ ಕೈಯಲ್ಲೇ ಬರೆದೆ. ಒಂದು ಸೊನ್ನೆಯ ಅಂಚು ಒಡೆದಿದೆ, ಯಾರಿಗೂ ಕಾಣುವುದಿಲ್ಲ.

ತಾ. 30-5-1931, ಶನಿವಾರ

ಲಾರಿಯಲ್ಲಿ ಯಶವಂತನಗರಕ್ಕೆ ಹೋಗಿ ಬಂದೆ. ದೊರೆಗೆ ಕನ್ನಡ ಬಾರದು, ನೋಟೀಸನ್ನು ನಾನೇ ಓದಬೇಕಾಯಿತು. ಆಳುಗಳೆಲ್ಲ ಶೆಡ್ಡಿನ ಮುಂದೆ ಕೂತಿದ್ದರು, ಹೆಂಗಸರೂ ಇದ್ದರು. ಗುಡ್ಡ ಮುಚ್ಚಿತು, ಇಂದಿನವರೆಗಿನ ಕೂಲಿ ಕೊಡಲಾಗುವುದು, ಎಡೆಬಿಡದ ಸೇವೆ ಇಲ್ಲದ್ದರಿಂದ ಇನಾಮು ಇಲ್ಲ ಎಂದು ಓದಿದೆ. ಯಾರೂ ಕೂಗಾಡಲಿಲ್ಲ. ಅರ್ಥವಾಗಿಲ್ಲವೆಂದು ಎರಡನೆಯ ಸಲ ಓದಿದೆ.

ಹುಲುಗಪ್ಪನೆಂಬ ಮುದುಕ ಎದ್ದು ನಿಂತ. "ಇನಾಮು ಇಲ್ಲ ಅಂತ ಯಾರು ಅಂದ್ರು?"

"ರಿಜಿಸ್ಟರಿನಾಗ ಐತಿ" ಎಂದೆ.

ಉಚ್ಚೆಂಗಪ್ಪ ಕೂತಲ್ಲಿಂದಲೇ ಹೇಳಿದ. "ಸುಮ್ನಿರಪಾ. ಆ ಬುಕ್ಕು ನಮ್ಮ ಅಯ್ಯಾರು ಬರದದ್ದು. ಅವರ ಬುಕ್ಕಿನಾಗ ನಮ್ಮ ಹೆಸರು ಅದಾವು. ಎಲ್ಲೋ ಏನೋ ತಪ್ಪ್ಯಾಗೈತಿ, ಅಯ್ಯಾರು ಸರಿ ಮಾಡ್ತಾರ."

ಎಲ್ಲರೂ ನನ್ನ ಕಡೆ ನೋಡಿದರು. ಆ ಕಣ್ಣುಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಾನು ನೋಟೀಸು ಮಡಚಿ ಜೇಬಿಗೆ ಹಾಕಿಕೊಂಡೆ. ಕೂಲಿ ಬಟವಾಡೆ ಮುಗಿಯುವಷ್ಟರಲ್ಲಿ ಮೂರು ಗಂಟೆಯಾಯಿತು.

ತಾ. 8-6-1931, ಸೋಮವಾರ

ಉಚ್ಚೆಂಗಪ್ಪ ಹೊಸಪೇಟೆಯ ವಕೀಲ ಗಾದಿಲಿಂಗಪ್ಪನವರನ್ನು ಕರೆದುಕೊಂಡು ಮನೆಗೆ ಬಂದ. ವಕೀಲರು ದುಡ್ಡು ಕೇಳಿಲ್ಲವಂತೆ, ಒಳ್ಳೆಯವರೇ. ಜಿಲ್ಲಾ ಕಲೆಕ್ಟರಿಗೆ ಒಂದು ಅರ್ಜಿ ಬರೆದಿದ್ದಾರೆ. ಅದರ ಜೊತೆಗೆ ನನ್ನದೊಂದು ಹೇಳಿಕೆ ಬೇಕು.

"ನಾಲ್ಕ ಸಾಲು ಸಾಕು ಸ್ವಾಮೇರ" ಎಂದರು. "ಮಳಿಗಾಲದಾಗ ಕಂಪನಿ ಕೆಲಸ ನಿಲ್ಲಿಸ್ತಿತ್ತು, ಆಳುಗಳು ಬಿಟ್ಟಿದ್ದಿಲ್ಲ, ಬಿಟ್ಟಾರ ಅಂತ ಬರದದ್ದು ನನ್ನ ಪದ್ಧತಿ ಅಂತ. ನೀವು ಸಹಿ ಹಾಕಿದ್ರ ಅರ್ಜಿ ನಿಲ್ತೈತಿ. ಇಲ್ಲಾಂದ್ರ ಬರೀ ಬಾಯಿ ಮಾತಾಗ್ತೈತಿ. ಹದಿನೈದರೊಳಗ ಕಳಿಸಬೇಕು."

ಹೇಳಿಕೆಯನ್ನು ಓದಿ ನೋಡಿದೆ. ಅದರಲ್ಲಿದ್ದದ್ದು ಪ್ರತಿಯೊಂದೂ ನಿಜ. ಸಂಗಮ್ಮ ಒಳಗಿನಿಂದ ದೌತಿ, ಲೇಖನಿ ತಂದು ನನ್ನ ಪಕ್ಕದಲ್ಲಿಟ್ಟಳು. ನಾನು ಕೇಳಿರಲಿಲ್ಲ.

ಎರಡು ದಿನ ಕೊಡಿ, ಮಾತುಗಳನ್ನು ಸ್ವಲ್ಪ ತಿದ್ದಬೇಕು ಎಂದೆ. ಉಚ್ಚೆಂಗಪ್ಪ, "ಆಗಲಿ ಬಿಡ್ರಿ, ಅಯ್ಯಾರು ತಿದ್ದಿದ್ರ ಇನ್ನೂ ಚಲೋ ಆಗ್ತೈತಿ" ಎಂದ. ಎತ್ತಿನವನು ತಿಂಗಳ ಕೊನೆಯವರೆಗೆ ಕಾಯಲು ಒಪ್ಪಿದ್ದಾನಂತೆ.

ತಾ. 10-6-1931, ಬುಧವಾರ

ಮೈ ಬೆಚ್ಚಗಿದೆ. ಅವರು ಬಂದಿದ್ದರು, ಮಲಗಿದ್ದಾರೆಂದು ಹೇಳಿಸಿದೆ.

ತಾ. 11-6-1931, ಗುರುವಾರ

ಇವತ್ತೂ ಬಂದಿದ್ದರು.

ತಾ. 13-6-1931, ಶನಿವಾರ

ಜ್ವರ ಇಳಿದಿತ್ತು, ಆಫೀಸಿಗೆ ಹೋದೆ. ಅರ್ಜಿಯ ಸುದ್ದಿ ದೊರೆಗೆ ಮುಟ್ಟಿದೆ. ಮದರಾಸಿನಿಂದ ಒಂದು ಕಾಗದ ಟೈಪಾಗಿ ಬಂದಿತ್ತು. ರಿಜಿಸ್ಟರನ್ನು ಕ್ರಮವಾಗಿ ಇಡಲಾಗಿದೆ, ಅದರಲ್ಲಿ ನಮೂದಾದಂತೆ ಆಳುಗಳು ಪ್ರತಿ ವರ್ಷ ಕೆಲಸ ಬಿಟ್ಟು ಪ್ರತಿ ವರ್ಷ ಹೊಸದಾಗಿ ಸೇರಿರುತ್ತಾರೆ ಎಂದು. ಕೆಳಗೆ ನನ್ನ ಹೆಸರು.

ಓದಿ ನೋಡಿದೆ. ರಿಜಿಸ್ಟರು ಕ್ರಮವಾಗಿಲ್ಲವೆಂದು ಹೇಳಲು ನನ್ನಿಂದ ಸಾಧ್ಯವೇ? ಹನ್ನೊಂದು ವರ್ಷದಲ್ಲಿ ಅದರಲ್ಲೊಂದು ಚಿತ್ತಿಲ್ಲ. ಅಲ್ಲದೆ ಅವರು ಹೋಗಿದ್ದು ಸುಳ್ಳೇನೂ ಅಲ್ಲವಲ್ಲ. ಹೋಗಿದ್ದರು. ಹೋದವರನ್ನು ಹೋದರೆಂದು ಬರೆಯಲಾಗಿದೆ. ಇಷ್ಟು ದಿನ ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೆ.

ಸಹಿ ಹಾಕಿದೆ. ಈ ಸಲ ಯಾವ ಅಕ್ಷರದ ಅಂಚೂ ಒಡೆಯಲಿಲ್ಲ.

ಬರುವಾಗ ವಕೀಲರ ಮನೆಯಿರುವ ಸ್ಟೇಷನ್ ರಸ್ತೆಯ ಕಡೆಯಿಂದ ಬರದೆ ಹಿಂದಿನ ಓಣಿಯಲ್ಲಿ ಸುತ್ತಿ ಬಂದೆ. ಆ ಕಡೆ ನೆರಳು ಹೆಚ್ಚು.

ತಾ. 26-6-1931, ಶುಕ್ರವಾರ

ಹಣ ಬಂತು. ರೂ. 382-8-0, ಹೊಸ ನೋಟುಗಳು. ರಸೀದಿಯನ್ನೂ ನಾನೇ ಬರೆದೆ. ಸಂಗಮ್ಮನಿಗೆ ಒಂದು ರೇಷ್ಮೆ ಸೀರೆ ತಂದೆ, ಹತ್ತೊಂಬತ್ತು ರೂಪಾಯಿ. ಮದುವೆಯಾದ ಮೇಲೆ ಮೊದಲನೆಯ ರೇಷ್ಮೆ. ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿಟ್ಟಳು. ಹಬ್ಬಕ್ಕೆ ಉಡುತ್ತಾಳೇನೋ.

ಈಚೆಗೆ ಅವಳು ಆ ವಿಷಯ ಎತ್ತುತ್ತಿಲ್ಲ. ಬೇರೆ ವಿಷಯವನ್ನೂ ಅಷ್ಟಾಗಿ ಎತ್ತುವುದಿಲ್ಲ. ಮನೆಯಲ್ಲಿ ನೆಮ್ಮದಿಯಿದೆ.

ತಾ. 21-7-1931, ಮಂಗಳವಾರ

ಅರ್ಜಿ ವಜಾ ಆಯಿತು. ಕಂಪನಿಯ ರಿಜಿಸ್ಟರನ್ನು ಅಲ್ಲಗಳೆಯಲು ಅರ್ಜಿದಾರರು ಯಾವ ಲಿಖಿತ ಆಧಾರವನ್ನೂ ಕೊಟ್ಟಿಲ್ಲ ಎಂದು ಕಾರಣ. ದೊರೆ ನಕಲು ತೋರಿಸಿದರು. ನಮ್ಮ ಲೆಕ್ಕಕ್ಕೆ ಹೊರಗಿನವರಿಂದಲೂ ಮಾನ್ಯತೆ ಸಿಕ್ಕಂತಾಯಿತು. ಮದರಾಸಿನ ಕೆಲಸ ಖಾಯಂ, ತಿಂಗಳಿಗೆ ಐವತ್ತೈದು.

ನಿನ್ನೆ ಸ್ಟೇಷನ್ನಿನಲ್ಲಿ ಮೂಟೆ ಹೊರುವವರ ನಡುವೆ ಹದಿನೇಳನೇ ನಂಬರಿನ ಮೇಸ್ತ್ರಿಯನ್ನು ಕಂಡೆ. ಒಂದು ಮೂಟೆ ಇಳಿಸಿ ಗೋಡೆ ಹಿಡಿದು ನಿಂತಿದ್ದ. ಬಂಡಿಯ ಮುಂಗಡ ವಾಪಸು ಬರಲಿಲ್ಲವೆಂದು ಪಕ್ಕದ ಮೇಜಿನವನು ಹೇಳಿದ. ಲಿಖಿತ ಕರಾರಿಲ್ಲದೆ ಮುಂಗಡ ಕೊಡುವುದು ಇಂಥವರ ಹಳೆಯ ಚಾಳಿ.

ತಾ. 12-8-1931, ಬುಧವಾರ

ಹೊರಡಲು ಇನ್ನೆರಡು ದಿನ. ಬೆಳಿಗ್ಗೆ ಸಾಮಾನು ಕಟ್ಟುತ್ತಿದ್ದಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮೇಸ್ತ್ರಿ ಬಂದಿದ್ದ. ಬೈಯುವುದಕ್ಕೇ ಬಂದಿದ್ದಾನೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಕರೆದರೂ ಒಳಗೆ ಬರಲಿಲ್ಲ, ಕಟ್ಟೆಯ ಕೆಳಗೆ ಕೂತ. ಬಹಳ ಇಳಿದುಹೋಗಿದ್ದಾನೆ, ಅಂಗಿಯೊಳಗೆ ಮೈಯೇ ಇಲ್ಲ.

"ಊರ ಬಿಡ್ತೀರಂತ ಕೇಳಿದೆ. ನೋಡ್ಕೊಂಡು ಹೋಗೋಣಂತ ಬಂದೆ ರೀ."

"ಹೌದಪಾ, ಶುಕ್ರವಾರ."

ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ.

"ಒಂದು ಮಾತು ಕೇಳಬೇಕಿತ್ರಿ. ಮಂದಿ ಏನೇನೋ ಅಂತಾರ, ಅಯ್ಯಾರು ಬೇಕಂತ ಹಂಗ ಬರದಾರ ಅಂತ. ನಾ ಜಗಳಾಡಿ ಬಂದೀನಿ. ವಕೀಲರು ನಿಮ್ಮ ಕಾಗದ ನನಗ ಓದಿ ಹೇಳಿದ್ರು. ನೀವು ಸುಳ್ಳು ಬರಿಯೋರಲ್ಲ. ನಾ ಮೂರು ದಿನ ಕುಂತು ವಿಚಾರ ಮಾಡಿದೆ. ತಪ್ಪು ನಮ್ಮದ ಐತ್ರಿ. ಗುಂಡ್ಯಾಗ ನೀರು ಬಂದ್ರೂ ನಾವು ಅಲ್ಲೇ ಕುಂದ್ರಬೇಕಿತ್ತು. ಮಳಿಗಾಲದಾಗ ಊರಿಗೆ ಹೋಗಬಾರದಿತ್ತು. ಹೌದಲ್ರಿ? ನೀವು ಒಂದು ಮಾತು ಹೌದು ಅಂದ್ರ ಉಳಿದವರಿಗೂ ಹೇಳ್ತೀನಿ. ಅವರ ಜೀವಕ್ಕೂ ಸಮಾಧಾನ ಆಗ್ತೈತಿ."

ಒಳಗೆ ಸಂಗಮ್ಮ ಪಾತ್ರೆ ಕಟ್ಟುತ್ತಿದ್ದ ಸದ್ದು ನಿಂತಿತು.

"ಹೌದಪಾ, ಹೋಗಬಾರದಿತ್ತು" ಎಂದೆ.

ಅವನು ತಲೆಯಾಡಿಸಿದ. ಎದ್ದು ಬಂದು ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿದ. ಜಂಗಮರ ಪಾದವೆಂದು ಯಾವಾಗಲೂ ಮುಟ್ಟುತ್ತಿದ್ದ. ಬರ್ತೀನ್ರಿ ಎಂದು ಗೋಡೆ ಹಿಡಿದುಕೊಂಡು ಹೋದ.

ಎದೆಯ ಮೇಲಿನ ಭಾರ ಇಳಿದಂತಾಯಿತು. ಕೊನೆಗೂ ಅವನಿಗೆ ಅರ್ಥವಾಯಿತಲ್ಲ. ಬಹಳ ದಿನದ ಮೇಲೆ ಮಧ್ಯಾಹ್ನ ಚೆನ್ನಾಗಿ ಹಸಿವಾಯಿತು. ಎರಡು ಸಲ ಕರೆದರೂ ಸಂಗಮ್ಮ ಏಳಲಿಲ್ಲ, ನಾನೇ ಬಡಿಸಿಕೊಂಡು ಉಂಡೆ.